ಏಳು ಮರ್ಲಾ ಜಾಗದಲ್ಲಿ 550 ಗಿಡ: ಪಂಜಾಬಿನ ಗುರುದ್ವಾರಗಳಲ್ಲಿ ನಾವು ಕಾಡು ಬೆಳೆಸುವ ರೀತಿ

2019ರಲ್ಲಿ ಗುರು ನಾನಕರ 550ನೇ ಪ್ರಕಾಶ ಪರ್ವ, ಅಂದರೆ ಜನ್ಮೋತ್ಸವ, ಬಂತು. ಊರಿಗೆ 550 ಗಿಡ ಎಂಬ ಲೆಕ್ಕ ಪಂಜಾಬಿನಲ್ಲಿ ಬೇರೂರಿದ್ದು ಆ ಹೊತ್ತಿಗೆ. ಚದರ ಮೀಟರಿಗೆ ಮೂರು ಸಸಿಯಂತೆ ಮಿಯಾವಾಕಿ ಎಂಬ ಒತ್ತೊತ್ತು ನಾಟಿಯ ಜಪಾನಿ ಕ್ರಮದಲ್ಲಿ ನೆಟ್ಟರೆ ಇದಕ್ಕೆ ಸುಮಾರು 180 ಚದರ ಮೀಟರ್ ಸಾಕು. ಅಂದರೆ 30 ಅಡಿ ಅಗಲ, 65 ಅಡಿ ಉದ್ದ. ಅಲ್ಲಿನವರ ಲೆಕ್ಕದಲ್ಲಿ ಏಳು ಮರ್ಲಾ, ನಮ್ಮ ಲೆಕ್ಕದಲ್ಲಿ ಎರಡು ಗುಂಟೆಗೆ ಸ್ವಲ್ಪ ಕಡಿಮೆ. ಪಂಜಾಬಿನಲ್ಲಿ ಕಾಡಿರುವುದು ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ ನೆಲದಲ್ಲಿ. ಉಳಿದದ್ದೆಲ್ಲ ಹೆಚ್ಚುಕಡಿಮೆ ಗೋಧಿ, ಭತ್ತ. ಅಂಥ ಕಡೆ ಯಾರೂ ಎಕರೆಗಟ್ಟಲೆ ಜಾಗ ಬಿಟ್ಟುಕೊಡುವುದಿಲ್ಲ, ಏಳು ಮರ್ಲಾ ಕೇಳಿದರೆ ಕೊಡುತ್ತಾರೆ.

ಜಾಗ ಸಿಗುವುದು ಗುರುದ್ವಾರದ ಹಿಂಬದಿಯಲ್ಲಿ, ಶಾಮಲಾತ್ ಎನ್ನುವ ಊರೊಟ್ಟಿನ ನೆಲದಲ್ಲಿ, ಶಾಲೆಯ ಮೂಲೆಯಲ್ಲಿ ಅಥವಾ ಸ್ಮಶಾನದ ಅಂಚಿನಲ್ಲಿ. ಗುದ್ದಲಿ ಹಿಡಿಯುವ ಮೊದಲು ಕಮಿಟಿಯ ಠರಾವು ಬರಹದಲ್ಲಿ ಇರಲೇಬೇಕು. ಅದರಲ್ಲಿ ‘ಹತ್ತು ವರ್ಷ ಇಲ್ಲಿ ಕಟ್ಟಡ ಇಲ್ಲ’ ಎಂಬ ಮಾತು ಸ್ಪಷ್ಟವಾಗಿ ಬರಬೇಕು. ಇಂಥ ಕಾಡುಗಳ ಮೊದಲ ಶತ್ರು ಬರವಲ್ಲ, ಮೂರನೇ ವರ್ಷ ಬರುವ ಹೊಸ ಕಮಿಟಿಯ ಲಂಗರ್ ಹಾಲ್, ಅಂದರೆ ಎಲ್ಲರೂ ಕೂತು ಉಣ್ಣುವ ಹಾಲ್, ಅದರ ವಿಸ್ತರಣೆ. ತಲೆ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಆ ಜಾಗ ಬೇಡ. ಐದು ವರ್ಷಕ್ಕೆ ಗಿಡದ ತುದಿ ಕತ್ತರಿಸಲು ಲೈನ್‌ಮನ್ ಬಂದೇ ಬರುತ್ತಾರೆ.

ಮುಂದಿನ ಕೆಲಸ ಮಣ್ಣು. ವರ್ಷಗಟ್ಟಲೆ ಭತ್ತ ಬೆಳೆದ ನೆಲದಲ್ಲಿ, ಕೆಸರು ಮಾಡಿ ಮಾಡಿ, ಅರ್ಧ ಅಡಿಯಿಂದ ಒಂದಡಿಯೊಳಗೆ ಸಿಮೆಂಟಿನಂಥ ಗಟ್ಟಿ ಪದರ ಕೂತಿರುತ್ತದೆ. ಬರೀ ಗುಂಡಿ ತೋಡಿ ನೆಟ್ಟರೆ ಬೇರು ಆ ಪದರ ಮುಟ್ಟಿ ಸುತ್ತ ತಿರುಗುತ್ತದೆ, ಮಳೆಗಾಲದಲ್ಲಿ ಗುಂಡಿ ನೀರು ತುಂಬಿದ ಮಡಕೆಯಾಗುತ್ತದೆ. ಹಾಗಾಗಿ ಜೆಸಿಬಿ ತರಿಸಿ ಇಡೀ ಜಾಗವನ್ನು ಒಂದು ಮೀಟರ್ ಆಳ ಅಗೆಯುತ್ತೇವೆ. ಒಂದೇ ಸಲ ಪೂರ್ತಿ ಅಗೆದರೆ ಮಣ್ಣು ಹಾಕಲು ಜಾಗವಿರುವುದಿಲ್ಲ. ಅರ್ಧ ಅಗೆದು ಮಣ್ಣನ್ನು ಇನ್ನರ್ಧದ ಮೇಲೆ ಒಟ್ಟಿ, ತುಂಬಿ ಬಂದ ಮೇಲೆ ಆ ಕಡೆಗೆ ಹೋಗಬೇಕು.

ಅಗೆದ ಮಣ್ಣಿಗೆ ಚದರ ಮೀಟರಿಗೆ ಐದು ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೂರು ಕಿಲೊ ಭತ್ತದ ಹೊಟ್ಟು, ಮೂರು ಕಿಲೊ ಕಬ್ಬಿನ ಸಿಪ್ಪೆ ಬೆರೆಸುತ್ತೇವೆ. ಒಟ್ಟು 900 ಕಿಲೊ ಗೊಬ್ಬರ, ಉಳಿದೆರಡು ತಲಾ 540 ಕಿಲೊ ಆಗುತ್ತವೆ. ಹೊಟ್ಟು ಹಗುರ. ತೂಕ ನೋಡಿ ಸಣ್ಣ ಗಾಡಿ ಕಳಿಸಿದರೆ ಮೂರು ಸಲ ಓಡಾಡಬೇಕು, ಹಲಗೆ ಏರಿಸಿದ ದೊಡ್ಡ ಟ್ರಾಲಿಯನ್ನೇ ಹೇಳಿಡಿ. ಹೊಟ್ಟು ಮಣ್ಣನ್ನು ಸಡಿಲ ಮಾಡುತ್ತದೆ, ಸಿಪ್ಪೆ ನೀರು ಹಿಡಿಯುತ್ತದೆ. ಪಂಜಾಬಿನ ದಕ್ಷಿಣ ಭಾಗವಾದ ಮಾಲ್ವಾದ ಮರಳು ನೆಲಕ್ಕೆ ಸಿಪ್ಪೆ ಜಾಸ್ತಿ ಮಾಡಿ ಹೊಟ್ಟು ಕಡಿಮೆ ಮಾಡಬಹುದು. ಹಸಿ ಸಗಣಿ ಮಾತ್ರ ಬೇಡವೇ ಬೇಡ, ಅದು ಒಳಗೇ ಕಾದು ಬೇರು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಮಣ್ಣು ವಾಪಸ್ ತುಂಬಿದಾಗ ಪಾತಿ ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರ ನಿಲ್ಲುತ್ತದೆ. ಅದರ ಮೇಲೆ ಯಾರೂ ನಡೆಯಬಾರದು, ಹಲಗೆ ಹಾಕಿ ಅದರ ಮೇಲೆಯೇ ಓಡಾಡಬೇಕು. ಸೇವೆಗೆ ಬಂದ ನೂರು ಜನ ಒಂದು ಬೆಳಗ್ಗೆ ತುಳಿದರೆ ಜೆಸಿಬಿಯ ಕೂಲಿ ದಂಡವಾದಂತೆಯೇ.

ಗಿಡಗಳ ಆಯ್ಕೆಗೆ ನಮಗೆ ದಾರಿ ತೋರಿಸಿದ್ದು ಗುರುದ್ವಾರಗಳ ಹೆಸರುಗಳೇ. ಸುಲ್ತಾನ್‌ಪುರ ಲೋಧಿಯ ಬೇರ್ ಸಾಹಿಬ್, ಅಮೃತಸರದ ಪಿಪ್ಲಿ ಸಾಹಿಬ್, ಮೊಹಾಲಿಯ ಅಂಬ್ ಸಾಹಿಬ್, ಹಲವು ಊರುಗಳಲ್ಲಿರುವ ಟಾಹಲಿ ಸಾಹಿಬ್‌ಗಳು. ಎಲಚಿ, ಅರಳಿ, ಮಾವು, ಶಿಂಶಪ ಎಲ್ಲ ಕ್ರಮವಾಗಿ ಈ ಹೆಸರುಗಳಲ್ಲೇ ಇವೆ. ಜಂಡ್ ಎಂದು ಅವರು ಕರೆಯುವುದು ನಾವು ವಿಜಯದಶಮಿಗೆ ಪೂಜಿಸುವ ಬನ್ನಿಯನ್ನೇ. 550ರಲ್ಲಿ ಸುಮಾರು 90 ಎತ್ತರದ ಮರಗಳು: ಅರ್ಜುನ ಅಂದರೆ ನಮ್ಮ ಹೊಳೆಮತ್ತಿ, ನೇರಳೆ, ತಾರೆ. 220 ನಡುಮಟ್ಟದವು: ಬೇವು, ಟಾಹಲಿ, ಕಿಕ್ಕರ್ ಎಂಬ ಕರಿಜಾಲಿ, ಜಂಡ್, ಮುತ್ತುಗ, ಚಳ್ಳೆ. 150 ಸಣ್ಣ ಮರಗಳು: ಎಲಚಿ, ಕಕ್ಕೆ, ನುಗ್ಗೆ, ಪಾರಿಜಾತ. 90 ಪೊದೆಗಳು: ಆಡುಸೋಗೆ, ಗೋರಂಟಿ, ಕರಿಬೇವು. ಅರಳಿ, ಆಲ ಸೇರಿ ಎರಡು ಮೂರಕ್ಕಿಂತ ಹೆಚ್ಚು ಬೇಡ, ಜಾಗವನ್ನೆಲ್ಲ ಅವೇ ನುಂಗುತ್ತವೆ. ನೀರು ನಿಲ್ಲುವ ಕಡೆ ಟಾಹಲಿಗೆ ಸೊರಗು ರೋಗ ಬರುತ್ತದೆ, ಅಲ್ಲಿ ಅದನ್ನು ಬಿಟ್ಟು ಅರ್ಜುನ ಹಾಕಿ.

ನರ್ಸರಿಯಲ್ಲಿ ಜಂಡ್ ಎಂದು ವಿಲಾಯತಿ ಕಿಕ್ಕರ್ ಕೊಟ್ಟುಬಿಡುವುದುಂಟು. ಅದು ನಮ್ಮ ಬಳ್ಳಾರಿ ಜಾಲಿಯೇ. ಗುರುತು ಹಿಡಿಯುವುದು ಸುಲಭ: ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲಿ ಜೋಡಿಯಾಗಿರುತ್ತದೆ, ಜಂಡ್‌ನ ಮುಳ್ಳು ಗಿಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು. ಒಂದು ಒಳಗೆ ಹೊಕ್ಕರೂ ಹತ್ತು ವರ್ಷದಲ್ಲಿ ಕಾಡು ಅದರದ್ದಾಗುತ್ತದೆ.

ಎರಡರಿಂದ ಎರಡೂವರೆ ಅಡಿಯ ಸಸಿ ಒಳ್ಳೆಯದು. ಆಳೆತ್ತರದ ಸಸಿ ನೋಡಲು ಚೆನ್ನ, ಆದರೆ ಅದರ ಬೇರು ಚೀಲದೊಳಗೆ ಸುತ್ತಿಕೊಂಡಿರುತ್ತದೆ. ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು. ಅವಸರದಲ್ಲಿ ಚೀಲದ ಸಮೇತ ನೆಟ್ಟವರನ್ನು ಪ್ರತಿ ಸಲವೂ ನೋಡುತ್ತೇವೆ, ಅದಕ್ಕೆ ಖಾಲಿ ಚೀಲ ಎಣಿಸಿಯೇ ದಿನ ಮುಗಿಸುವುದು. ನೆಟ್ಟ 550ಕ್ಕೆ 550 ಚೀಲ ಸಿಗಬೇಕು. ಒಂದೇ ಜಾತಿಯ ಎರಡು ಸಸಿ ಅಕ್ಕಪಕ್ಕ ಬರಬಾರದು, ಸಾಲೂ ಬೇಡ. ಪ್ರತಿ ಸಸಿಗೂ ಬಿದಿರಿನ ಊರುಗೋಲು, ಸೆಣಬಿನ ಹುರಿಯಲ್ಲಿ ಸಡಿಲ ಗಂಟು. ಪ್ಲಾಸ್ಟಿಕ್ ದಾರ ಮರು ವರ್ಷ ಕಾಂಡವನ್ನೇ ಕೊಯ್ಯುತ್ತದೆ.

ಮೇಲೆ ಅರ್ಧ ಅಡಿ ದಪ್ಪ ಭತ್ತದ ಹುಲ್ಲು. ಪರಾಲಿ ಎಂದು ಅಕ್ಟೋಬರ್-ನವೆಂಬರ್‌ನಲ್ಲಿ ಹೊಲದಲ್ಲೇ ಸುಡುವುದು ಇದನ್ನೇ. ಚದರ ಮೀಟರಿಗೆ ಐದು ಕಿಲೊದಂತೆ 900 ಕಿಲೊ ಬೇಕು, ಅರ್ಧ ಎಕರೆಗಿಂತ ಕಡಿಮೆ ಹೊಲದ ಹುಲ್ಲು ಸಾಕು. ನಾಟಿ ಜುಲೈನಲ್ಲಿ, ಹುಲ್ಲು ಬರುವುದು ಅಕ್ಟೋಬರಿನಲ್ಲಿ. ಆದ್ದರಿಂದ ಹಿಂದಿನ ಸುಗ್ಗಿಯಲ್ಲೇ ಪೆಂಡಿ ಕಟ್ಟಿಸಿ ಮರೆಯಲ್ಲಿ ಒಟ್ಟಿಡಬೇಕು. ಕಾಂಡದಿಂದ ಎರಡು ಬೆರಳು ಬಿಟ್ಟು ಹರಡಿ, ಬುಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ, ಮೇಲೆ ಸೆಣಬಿನ ಹಗ್ಗ ಎಳೆದು ಗೂಟ ಹೊಡೆಯಿರಿ. ಇಲ್ಲದಿದ್ದರೆ ಒಂದು ಆಂಧಿ ಬಿರುಗಾಳಿಗೆ ಹುಲ್ಲೆಲ್ಲ ಪಕ್ಕದ ಹೊಲ ಸೇರುತ್ತದೆ.

ಯಾವ ದಿನ ನೆಡಬೇಕು ಎನ್ನುವುದರಲ್ಲಿ ಪ್ರತಿ ಊರಿನಲ್ಲೂ ತಕರಾರು. ಮಾರ್ಚ್ 14 ಸಿಖ್ ಪರಿಸರ ದಿನ, ಗುರು ಹರ್ ರಾಯ್ ಗುರುಗದ್ದಿ ಏರಿದ ದಿನ. ಅಂಗಿ ತಾಗಿ ಹೂ ಉದುರಿದ್ದಕ್ಕೆ ಮರುಗಿದ ಬಾಲಕ, ಮುಂದೆ ಕೀರತ್‌ಪುರದಲ್ಲಿ ಔಷಧದ ತೋಟವನ್ನೂ ದವಾಖಾನೆಯನ್ನೂ ನಡೆಸಿದ ಗುರು. ಅಂದು ನೆಡಬೇಕೆಂಬ ಆಸೆ ನ್ಯಾಯವಾದದ್ದೇ. ಆದರೆ ಅಂದು ನೆಟ್ಟ ಸಸಿಗೆ ಎರಡು ತಿಂಗಳಿಗೇ ಲೂ ಬಿಸಿಗಾಳಿ, 45 ಡಿಗ್ರಿ ಬಿಸಿಲು. ನೀರಿನ ಖಾತ್ರಿ ಇದ್ದರೆ ಮಾತ್ರ ಮಾರ್ಚ್. ಇಲ್ಲದಿದ್ದರೆ ಆ ದಿನಕ್ಕೆ ಹತ್ತು ಸಸಿ, ಒಂದು ಮಾತುಕತೆ, ಬೀಜ ಸಂಗ್ರಹ ಇಟ್ಟುಕೊಂಡು, ಉಳಿದದ್ದನ್ನು ಸಾವನ್‌ನ, ಅಂದರೆ ಶ್ರಾವಣದ, ಮೊದಲ ಮಳೆಯ ನಂತರಕ್ಕೆ ಬಿಡಿ ಎಂದೇ ನಾವು ಪಟ್ಟು ಹಿಡಿಯುತ್ತೇವೆ.

ಮಳೆ ಇಲ್ಲದ ದಿನ ಚದರ ಮೀಟರಿಗೆ ಐದು ಲೀಟರ್, ಅಂದರೆ ದಿನಕ್ಕೆ 900 ಲೀಟರ್ ನೀರು. ಪೈಪಿಗೆ ಜರಡಿ ಮೂತಿ ಹಾಕಿ ಕೈಯಿಂದಲೇ ಹಾಯಿಸಬೇಕು. ರೈತರಿಗೆ ಗದ್ದೆಯ ರೂಢಿ, ಟ್ಯೂಬ್‌ವೆಲ್ ತಿರುಗಿಸಿ ಒಂದೇ ಸಲ ತುಂಬಿಸಿಬಿಡುತ್ತಾರೆ. ಹೊಸ ಮಣ್ಣು ಕುಸಿದು ಸಸಿ ವಾಲುತ್ತದೆ, ಬೇರು ಕೊಳೆಯುತ್ತದೆ. ನೈಋತ್ಯ ಪಂಜಾಬಿನಲ್ಲಿ ಬೋರಿನ ನೀರು ಉಪ್ಪು, ಅಲ್ಲಿ ಕಾಲುವೆ ನೀರಿನ ಸರದಿ ನೋಡಿಕೊಂಡು ತೊಟ್ಟಿ ತುಂಬಿಸಿಡಬೇಕು. ಗುರುದ್ವಾರದ ಬಾಗಿಲಲ್ಲಿ ಕಾಲು ತೊಳೆಯುವ ತೊಟ್ಟಿಯ ನೀರಿಗೆ ಸೋಪು ಸೇರಿರುವುದಿಲ್ಲ, ಅದನ್ನು ಪೈಪಿನಲ್ಲಿ ಕಾಡಿಗೆ ಬಿಡಬಹುದು. ಲಂಗರ್‌ನ ಅಕ್ಕಿ, ತರಕಾರಿ ತೊಳೆದ ನೀರೂ ಆದೀತು. ಪಾತ್ರೆ ತೊಳೆದ ನೀರು ಬೇಡ.

ನೆಡುವ ದಿನಕ್ಕೆ ಜನ ಬರುತ್ತಾರೆ. ಕಾರ್ ಸೇವೆಯ ಅಭ್ಯಾಸ ಇವರಿಗೆ ತಲೆಮಾರುಗಳಿಂದ ಇದೆ: 1923ರಲ್ಲೂ 1973ರಲ್ಲೂ ಹರ್‌ಮಂದಿರ್ ಸಾಹಿಬ್‌ನ, ಅಂದರೆ ಅಮೃತಸರದ ಸ್ವರ್ಣಮಂದಿರದ, ಸರೋವರದ ಹೂಳನ್ನು ಭಕ್ತರೇ ಹೊತ್ತು ತೆಗೆದರು. ಸಂತ ಬಲ್‌ಬೀರ್ ಸಿಂಗ್ ಸೀಚೇವಾಲ್ 2000ದಲ್ಲಿ ಶುರುಮಾಡಿ ಸುಮಾರು 160 ಕಿಲೋಮೀಟರ್ ಉದ್ದದ ಕಾಲಿ ಬೇಯಿ ಹೊಳೆಗೆ ಮರುಜೀವ ಕೊಟ್ಟದ್ದೂ ಈ ಬಲದಿಂದಲೇ. ಕಷ್ಟ ಇರುವುದು ಮುಂದಿನ 700 ದಿನಗಳಲ್ಲಿ. ನೀರು ಹಾಯಿಸುವುದನ್ನೂ ಕಳೆ ಕೀಳುವುದನ್ನೂ ಜೋಡಾ ಘರ್‌ನಲ್ಲಿ ಚಪ್ಪಲಿ ಕಾಯುವ ಸೇವೆಯಂತೆ ಸರದಿಯ ಪಟ್ಟಿಗೆ ಹಾಕಬೇಕು. ವಾರದ ಪ್ರತಿ ದಿನಕ್ಕೆ ಎರಡು ಮನೆ, ಒಂದು ತಪ್ಪಿದರೆ ಇನ್ನೊಂದು. ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಗುರುಮುಖಿಯಲ್ಲಿ ದೊಡ್ಡಕ್ಷರದಲ್ಲಿರಲಿ. ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿ ಒಬ್ಬರ ಮೇಲೆಯೇ ಹೊರಿಸಿದ ಕಡೆ ಅವರು ವರ್ಗವಾದ ತಿಂಗಳೇ ಗಿಡ ಒಣಗಿವೆ.

ಕಲಿಸುವ ಕೆಲಸಕ್ಕೆ ಪ್ರತ್ಯೇಕ ಸಭೆ ಕರೆದರೆ ಹತ್ತು ಜನ ಬರುತ್ತಾರೆ. ಸಂಗ್ರಾಂದ್ ದಿನ, ಅಂದರೆ ದೇಸಿ ತಿಂಗಳ ಮೊದಲ ದಿನ, ಊರೇ ಇರುತ್ತದೆ. ಅಂದು ಬಾರಹ್ ಮಾಹಾ ಎಂಬ ಹನ್ನೆರಡು ತಿಂಗಳ ಹಾಡಿನಿಂದ ಆ ತಿಂಗಳ ಪದವನ್ನು ಓದುತ್ತಾರೆ. ಆಸಾಢದ್ದು ಸುಡುವ ಬಿಸಿಲಿನಿಂದ, ಪೋಹ್‌ನದು, ಅಂದರೆ ಪುಷ್ಯದ್ದು, ಕೊರೆಯುವ ಹಿಮದಿಂದ ಶುರುವಾಗುತ್ತದೆ. ಪದದ ಒಳಾರ್ಥ ಬೇರೆ, ಅದು ದೇವರಿಂದ ಅಗಲಿದ ಜೀವದ ಮಾತು. ಅದನ್ನು ಗ್ರಂಥಿಗಳು ಹೇಳಲಿ. ಅದಾದ ಮೇಲೆ, ಲಂಗರ್‌ಗೆ ಮೊದಲು, ನಮಗೆ ಏಳು ನಿಮಿಷ ಸಾಕು, ಒಂದೇ ಕೆಲಸ ಹೇಳುವುದು. ಪೋಹ್‌ನಲ್ಲಿ: ಈ ವಾರ ಕೋರಾ, ಅಂದರೆ ಹೆಪ್ಪುಗಟ್ಟುವ ಇಬ್ಬನಿ, ಬೀಳುತ್ತದೆ, ಎಳೆ ಬೇವು, ನುಗ್ಗೆಯ ಕುಡಿ ಸುಟ್ಟುಹೋಗುತ್ತದೆ, ಸಂಜೆ ನೀರು ಕೊಡಿ, ಹುಲ್ಲಿನ ತಡಿಕೆ ಕಟ್ಟಿ. ಚೇತ್‌ನಲ್ಲಿ, ಅಂದರೆ ಚೈತ್ರದಲ್ಲಿ: ಸುಟ್ಟ ಗಿಡ ಕೀಳಬೇಡಿ, ಬುಡದಿಂದ ಚಿಗುರುತ್ತದೆ. ‘ಪವಣು ಗುರೂ ಪಾಣೀ ಪಿತಾ ಮಾತಾ ಧರತಿ ಮಹತು’ ಎಂಬ, ಸಿಖ್ಖರ ಬೆಳಗಿನ ಪ್ರಾರ್ಥನೆಯಾದ ಜಪ್‌ಜೀಯ ಸಾಲು ಮಕ್ಕಳಿಗೂ ಬಾಯಿಪಾಠ: ಗಾಳಿ ಗುರು, ನೀರು ತಂದೆ, ಭೂಮಿ ಮಹಾತಾಯಿ. ಅದನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ, ಮಕ್ಕಳ ಕೈಗೆ ಅಳತೆಕೋಲು ಕೊಡಿ. ಒಂದೊಂದು ಮಗುವಿಗೆ ಐದೈದು ಗಿಡ, ತಿಂಗಳಿಗೊಮ್ಮೆ ಎತ್ತರ, ಸತ್ತದ್ದೆಷ್ಟು ಎಂದು ವಹಿಯಲ್ಲಿ ಬರೆಯುವುದು. ಸತ್ತದ್ದನ್ನು ಮುಚ್ಚಿಡದೆ ಬರೆಯಲು ಕಲಿಸಬೇಕು, ಮುಂದಿನ ಸಲ ಯಾವುದನ್ನು ಬಿಡಬೇಕೆಂದು ಗೊತ್ತಾಗುವುದು ಅದರಿಂದಲೇ.

ಬೂಟಾ ಪ್ರಸಾದ್ ಎಂದು ಸಸಿ ಹಂಚುವಾಗ ಮನೆಯಲ್ಲಿ ನೆಲ ಇದೆಯೇ ಎಂದು ಕೇಳಿ ಕೊಡಿ. ಇಲ್ಲದವರಿಗೆ ಕುಂಡದಲ್ಲಿ ಬದುಕುವ ಕರಿಬೇವು. ಜೂನ್ ಹೊತ್ತಿಗೆ ಗುರು ಅರ್ಜನ್ ದೇವ್ ಅವರ ಶಹೀದಿ ದಿನದ ಛಬೀಲ್‌ನಲ್ಲಿ ತಂಪು ಸಿಹಿನೀರು ಕೊಡುವಾಗ ಬೀಳುವ ಪ್ಲಾಸ್ಟಿಕ್ ಲೋಟದ ರಾಶಿಗೂ ದಾರಿಯಿದೆ. 250 ಸ್ಟೀಲ್ ಲೋಟ, ಮೂರು ತೊಟ್ಟಿ, ತೊಳೆಯಲು ಆರು ಜನ. ಬಸ್ಸಿನ ಕಿಟಕಿಗೆ ಲೋಟ ಕೊಟ್ಟರೆ ವಾಪಸ್ ಬರುವುದಿಲ್ಲ, ಪ್ರಯಾಣಿಕರ ಬಾಟಲಿಗೇ ಜಗ್‌ನಿಂದ ಸುರಿಯಿರಿ.

ಹೊರಗಿನ ಅಪಾಯ ಮೂರು. ನೀಲ್‌ಗಾಯ್ ಮತ್ತು ಬೀಡಾಡಿ ದನಕ್ಕೆ ಐದಡಿಗೆ ಕಡಿಮೆಯಿಲ್ಲದ ತಂತಿ ಬಲೆ. ಚಳಿಗಾಲದಲ್ಲಿ ಪಕ್ಕದ ಗೋಧಿಗೆ ಹೊಡೆಯುವ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿಬಂದು ಎಲೆ ಸುರುಟಿಸುತ್ತದೆ, ಗಾಳಿ ನಿಂತ ಬೆಳಗ್ಗೆ ಹೊಡೆಯಿರೆಂದು ಹೊಲದವರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಮೂರನೆಯದು ಬೆಂಕಿ: ನವೆಂಬರಿನಲ್ಲೂ ಮೇ ತಿಂಗಳಲ್ಲೂ ಕೂಳೆಗೆ ಇಟ್ಟ ಬೆಂಕಿಗೆ ನಮ್ಮ ಹುಲ್ಲಿನ ಹೊದಿಕೆಯೇ ಬತ್ತಿ. ಸುತ್ತ ಹತ್ತಡಿ ಪಟ್ಟಿಯನ್ನು ಆ ಎರಡು ತಿಂಗಳು ಉತ್ತು ಬರಿದಾಗಿಡಿ.

ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಕಡೆ ಇದನ್ನು ಮಾಡಬೇಕೆನ್ನುವವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬಾರದು. ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಮೀಟರ್ ಆಳ ತೋಡಲು ಹೋಗಬೇಡಿ. ಸಿಕ್ಕಷ್ಟು ಅಗೆದು, ಪಾತಿಯನ್ನೇ ಎರಡಡಿ ಏರಿಸಿ, ಚದರ ಮೀಟರಿಗೆ ಎರಡೇ ಸಸಿ ಇಡಿ. ಬನ್ನಿ, ಬೇವು, ಮುತ್ತುಗ ಎರಡೂ ಕಡೆಗೆ ಸಲ್ಲುತ್ತವೆ, ಟಾಹಲಿಯ ಬದಲು ಕಮರ ಹಾಕಿ.

ಎರಡು ಬೇಸಿಗೆ ದಾಟಿದ ಮೇಲೆ ನೀರನ್ನು ವಾರಕ್ಕೊಮ್ಮೆಗೆ ಇಳಿಸಿ, ಮೂರನೇ ಮಳೆಗಾಲಕ್ಕೆ ನಿಲ್ಲಿಸುತ್ತೇವೆ. ನೆರಳು ಕೂಡಿದಲ್ಲಿ ಕಳೆ ತಾನಾಗಿ ಸಾಯುತ್ತದೆ. ಅಷ್ಟರಲ್ಲಿ ಇನ್ನೊಂದು ತೊಡಕು ಬರುತ್ತದೆ: ಗುರುದ್ವಾರದಲ್ಲಿ ಗುಡಿಸುವುದು ದೊಡ್ಡ ಸೇವೆ, ಹಾಗಾಗಿ ಉದುರಿದ ಎಲೆಯನ್ನೆಲ್ಲ ಯಾರೋ ಭಕ್ತಿಯಿಂದ ಗುಡಿಸಿ ಸುಟ್ಟಿರುತ್ತಾರೆ. ಬುಡದ ಸುತ್ತ ಅಮೃತಶಿಲೆ ಹಾಸುವ ದಾನಿಗಳೂ ಬರುತ್ತಾರೆ. ಪೊರಕೆ ಬೇಲಿಯ ಹೊರಗೇ ನಿಲ್ಲಲಿ ಎಂದು ಬಾಗಿಲಲ್ಲಿ ಬೋರ್ಡು ಹಾಕಿ, ಗುಡಿಸಿದ ಅಂಗಳದ ಎಲೆಯನ್ನೂ ತಂದು ಇದೇ ಕಾಡಿನೊಳಗೆ ಸುರಿಯಲು ಒಂದು ಬುಟ್ಟಿ ಇಡಿ.