ಕಟ್ಟೆಗೆ ಹೈಡ್ರಿಲ್ಲಾ ವಾಪಸ್ ಬಂದಿದ್ದು

ಹೈಸ್ಕೂಲಿನಲ್ಲಿ ಬೀಕರಿನೊಳಗೆ ಆಲಿಕೆ ಬೋರಲು ಹಾಕಿ, ಅದರಡಿ ಒಂದು ಹಸಿರು ಗಿಡ ಇಟ್ಟು, ಬಿಸಿಲಿಗೆ ಒಯ್ದು ಗುಳ್ಳೆ ಎಣಿಸಿದ್ದು ನಿಮಗೂ ನೆನಪಿರಬೇಕು. ಆ ಗಿಡವೇ ಹೈಡ್ರಿಲ್ಲಾ. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಅಂಕ ಗಿಟ್ಟಿಸಿದವನೇ, ಎಷ್ಟೋ ವರ್ಷದ ಮೇಲೆ ನಮ್ಮ ತೋಟದ ಕಟ್ಟೆಯಿಂದ ಅದನ್ನು ಪೂರ್ತಿ ತೆಗೆಸಿದೆ.

ಕಟ್ಟೆ ಅಂದರೆ ಪುಟ್ಟ ಕೆರೆ, ಅರ್ಧ ಎಕರೆಗೆ ಸ್ವಲ್ಪ ಕಮ್ಮಿ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುತ್ತೇವೆ. ಬಲೆ ಬೀಸಿದರೆ ಮೀನಿಗಿಂತ ಕಳೆಯೇ ಜಾಸ್ತಿ ಬರುತ್ತಿತ್ತು. ನಮ್ಮೂರಲ್ಲಿ ಇದಕ್ಕೆ ಬೇರೆ ಹೆಸರಿಲ್ಲ, ನೀರೊಳಗೆ ಹಸಿರಾಗಿರೋದೆಲ್ಲ ಪಾಚಿಯೇ. ಆದರೆ ಕೈಗೆ ತಗೊಂಡರೆ ವ್ಯತ್ಯಾಸ ಗೊತ್ತಾಗುತ್ತೆ. ಕಾಂಡದ ಸುತ್ತ ನಾಲ್ಕೈದು ಪುಟ್ಟ ಎಲೆ ಒಂದೇ ಕಡೆ ಹುಟ್ಟಿರುತ್ತವೆ, ಅಂಚಿನಲ್ಲಿ ಗರಗಸದ ಹಲ್ಲು. ಬೆರಳ ನಡುವೆ ಎಳೆದರೆ ತರಿತರಿ. ಪಾಚಿ ಜಾರುತ್ತೆ, ಇದು ಜಾರಲ್ಲ.

‘ಕಳೆ ತಿನ್ನೋ ಮೀನು ಹುಲ್ಲುಗೆಂಡೆ ಬಿಡಿ, ಮೇದು ಮುಗಿಸುತ್ತೆ’ ಅಂತ ಯಾರೋ ಅಂದರು. ನೂರೈವತ್ತು ಮರಿ ಬಿಟ್ಟೆ. ನಮ್ಮ ಕಟ್ಟೆಗೆ ಅದು ಅತಿಯಾಯಿತು ಅಂತ ಈಗ ಗೊತ್ತು. ವರ್ಷ ತುಂಬುವುದರೊಳಗೆ ಕಟ್ಟೆಯ ತಳ ಬೋಳಾಯಿತು. ನನಗಂತೂ ಖುಷಿಯೋ ಖುಷಿ.

ಮುಂದಿನ ಮಳೆಗಾಲಕ್ಕೆ ನೀರು ಹಸಿರು ಬಣ್ಣ ಕಲಸಿದ ಹಾಗಾಯಿತು. ಮೊಣಕೈವರೆಗೆ ಕೈ ಇಳಿಸಿದರೆ ಬೆರಳು ಕಾಣುತ್ತಿರಲಿಲ್ಲ. ನಾಲ್ಕು ದಿನ ಬಿಸಿಲಿಲ್ಲದೆ ಮೋಡ ಕವಿದಿತ್ತು. ಐದನೇ ದಿನ ಬೆಳಗಿನ ಜಾವ ಹೋಗಿ ನೋಡಿದರೆ ಕಾಟ್ಲಾಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಮೋಟರ್ ಹಾಕಿ ಕಟ್ಟೆ ನೀರನ್ನೇ ಎತ್ತಿ ಕಟ್ಟೆಗೇ ಚಿಮ್ಮಿಸಿದೆ. ಹೊತ್ತೇರುವಷ್ಟರಲ್ಲಿ ದೊಡ್ಡ ಮೀನು ನಲವತ್ತರ ಮೇಲೆ ಹೋಗಿದ್ದವು. ಮೊದಲು ಸತ್ತಿದ್ದು ದೊಡ್ಡವೇ.

ಕಾರಣ ಸರಳ. ಹುಲ್ಲುಗೆಂಡೆ ತಿಂದಿದ್ದೆಲ್ಲ ಹಿಕ್ಕೆಯಾಗಿ ನೀರಿಗೇ ಬಿತ್ತು, ಗೊಬ್ಬರವಾಯಿತು. ಅದನ್ನು ಹೀರಿಕೊಳ್ಳೋ ಗಿಡವಿಲ್ಲ. ಕಣ್ಣಿಗೆ ಕಾಣದ ಹಸಿರು ಪಾಚಿ ಆ ಜಾಗ ತಗೊಂಡಿತು. ಹಗಲು ಅದು ಆಮ್ಲಜನಕ ಬಿಟ್ಟರೂ ರಾತ್ರಿ ಅದೇ ಉಸಿರಾಡಿ ಖಾಲಿ ಮಾಡುತ್ತೆ. ಮೋಡವಿದ್ದರೆ ಹಗಲಿನ ಗಳಿಕೆಯೂ ಇಲ್ಲ. ಹೈಡ್ರಿಲ್ಲಾ ಇದ್ದಾಗ ಇನ್ನೊಂದು ಅನುಕೂಲವೂ ಇತ್ತು. ಪಾಚಿ ತಿನ್ನುವ ಡ್ಯಾಫ್ನಿಯಾದಂಥ ಚಿಕ್ಕ ಜೀವಿಗಳು ಹಗಲು ಮೀನಿನ ಬಾಯಿಂದ ತಪ್ಪಿಸಿಕೊಂಡು ಆ ಪೊದೆಯಲ್ಲೇ ಅಡಗುತ್ತಿದ್ದವು. ಅವುಗಳ ಮನೆಯನ್ನೇ ನಾನು ಕೆಡವಿದ್ದೆ.

ಸರಿ, ಮತ್ತೆ ನೆಡೋಣ ಅಂತ ಪಕ್ಕದೂರಿನ ಕೆರೆಯಿಂದ ಎರಡು ಚೀಲ ತಂದೆ. ಹತ್ತಿಪ್ಪತ್ತು ಎಳೆ ಸೇರಿಸಿ, ಬಾಳೆನಾರಿನಿಂದ ಕಲ್ಲಿಗೆ ಕಟ್ಟಿ ಮುಳುಗಿಸುತ್ತಾ ಹೋದೆ. ಏರಿ ಮೇಲೆ ಹೋಗುತ್ತಿದ್ದ ಚಿಕ್ಕಪ್ಪ ನಿಂತು ನೋಡಿದರು. ‘ಅಲ್ಲ ಕಣೋ, ದುಡ್ಡು ಕೊಟ್ಟು ಕೀಳಿಸಿದ್ದನ್ನೇ ನೆಡ್ತಿದೀಯಲ್ಲ, ತಲೆ ನೆಟ್ಟಗೈತಾ?’ ಹದಿನೈದು ದಿನಕ್ಕೆ ಎಲ್ಲ ಕೊಳೆಯಿತು. ಹೈಡ್ರಿಲ್ಲಾಕ್ಕೆ ಕಮ್ಮಿ ಬೆಳಕು ಸಾಕು, ನಿಜ. ಆದರೆ ಆ ಹಸಿರು ನೀರಲ್ಲಿ ತಳಕ್ಕೆ ಆ ಕಮ್ಮಿಯೂ ಇಳಿಯುತ್ತಿರಲಿಲ್ಲ. ಉಳಿದ ಚಿಗುರನ್ನು ಹುಲ್ಲುಗೆಂಡೆ ಮೇದವು.

ಆಮೇಲೆ ನೆಡೋದು ಬಿಟ್ಟು ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ. ಹುಲ್ಲು ಹಾಕಿ ದಡಕ್ಕೆ ಬರಿಸಿ, ಬೀಸುಬಲೆಯಲ್ಲಿ ಹುಲ್ಲುಗೆಂಡೆ ಹಿಡಿದು ಮಾರಿದೆ. ಎಲ್ಲ ಸಿಗಲಿಲ್ಲ. ಅದಕ್ಕೇ ತೂಬಿನ ಪಕ್ಕ ಒಂದು ಮೂಲೆಗೆ ಗೂಟ ನೆಟ್ಟು ಹಳೇ ನೈಲಾನ್ ಬಲೆ ಕಟ್ಟಿದೆ. ಕೊಟ್ಟಿಗೆ ತೊಳೆದ ನೀರು ಕಟ್ಟೆಗೆ ಬೀಳುತ್ತಿದ್ದ ಕಾಲುವೆಯನ್ನು ತೆಂಗಿನ ಪಾತಿಗೆ ತಿರುಗಿಸಿದೆ. ಮೀನಿಗೆ ಹಾಕುವ ತವುಡು, ಹಿಂಡಿ ಅರ್ಧಕ್ಕಿಳಿಸಿದೆ.

ಮಾರ್ಚಿನಲ್ಲಿ ನೀರು ಇಳಿದು ಬಲೆಯೊಳಗೆ ಎರಡಡಿ ಉಳಿಯಿತು. ಆಗ ನೋಡಿ, ನಾನು ನೆಡದ ಜಾಗದಲ್ಲೇ ಮೊಳಕೆ! ಹೈಡ್ರಿಲ್ಲಾ ಮಣ್ಣೊಳಗೆ ಸಣ್ಣ ಗೆಡ್ಡೆ ಕಟ್ಟುತ್ತೆ. ಒಂದನ್ನು ಕಿತ್ತು ನೋಡಿದೆ, ಕಡಲೆಕಾಳಿನ ಗಾತ್ರ, ಮಾಸಲು ಬಿಳಿ. ಕೆರೆಯ ಹೂಳಿನಲ್ಲಿ ಅವು ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತವೆ. ಎರಡು ಚೀಲ ಹೊತ್ತಿದ್ದು ದಂಡ.

ಈಗ ಕಟ್ಟೆಯ ಕಾಲುಭಾಗಕ್ಕಿಂತ ಹೆಚ್ಚು ಬಿಡಲ್ಲ. ಹೈಡ್ರಿಲ್ಲಾ ಸಾಧುವೇನಲ್ಲ. ಮೇಲೆ ಚಾಪೆ ಹಾಸಿದರೆ ಅದೂ ರಾತ್ರಿ ಆಮ್ಲಜನಕ ತಿನ್ನುತ್ತೆ, ಸೊಳ್ಳೆಗೂ ಜಾಗ ಕೊಡುತ್ತೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾಕ್ಕೆ ಹೋದ ಇದೇ ಗಿಡ ಅಲ್ಲಿನ ಎಷ್ಟೋ ಕೆರೆಗಳನ್ನು ತುಂಬಿ ತಲೆನೋವಾಗಿದೆ. ಕಸ ಎಳೆಯೋ ರೇಕಿಗೆ ಬಿದಿರು ಗಳ ಕಟ್ಟಿಕೊಂಡು ತಿಂಗಳಿಗೊಮ್ಮೆ ಎಳೆಯುತ್ತೇನೆ. ಎಳೆದದ್ದನ್ನು ದಡದಲ್ಲಿ ಒಂದು ರಾತ್ರಿ ಬಿಟ್ಟರೆ ಬಸವನಹುಳು, ಸೀಗಡಿ ಮರಿ ನೀರಿಗಿಳಿದುಕೊಳ್ಳುತ್ತವೆ. ಆಮೇಲೆ ತೆಂಗಿನ ಬುಡಕ್ಕೆ. ಬಹುಪಾಲು ನೀರೇ ಆದ್ದರಿಂದ ರಾಶಿ ಒಂದು ವಾರಕ್ಕೆ ಹಿಡಿಯಷ್ಟಾಗುತ್ತೆ. ತುಂಡನ್ನು ಮಾತ್ರ ಹಳ್ಳಕ್ಕೆ ಎಸೆಯಬೇಡಿ, ಒಂದು ಗೆಣ್ಣು ಸಿಕ್ಕರೂ ಚಿಗುರುತ್ತೆ.

ನಾಮದ ಕೋಳಿ ಅನ್ನೋ ನೀರುಹಕ್ಕಿಗಳು ಮತ್ತೆ ಬರತೊಡಗಿವೆ, ಮುಳುಗಿ ಎಳೆ ಕಿತ್ತು ತಿನ್ನುತ್ತವೆ. ಸಾಮಾನ್ಯ ಗೆಂಡೆಯ ಮೊಟ್ಟೆ ಅಂಟುವ ಜಾತಿಯದು, ಅದಕ್ಕೆ ಆಸರೆ ಬೇಕು. ಈ ಸಲ ಎಳೆಯೊಂದನ್ನು ಎತ್ತಿದಾಗ ಎಲೆಗಳ ತುಂಬ ರವೆಯಂಥ ಹಳದಿ ಕಾಳು. ಒಂದು ಬುಟ್ಟಿ ಎಳೆಯನ್ನು ಹಾಗೇ ತಂದು ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟೆ. ಮೂರನೇ ದಿನ ಮರಿಗಳು ಎಲೆಯಡಿ ನೇತಾಡುತ್ತಿದ್ದವು. ಚಿಕ್ಕಪ್ಪನನ್ನು ಕರೆದು ತೋರಿಸಿದೆ. ‘ನಂಗೂ ಒಂದ್ನೂರು ಕೊಡೋ’ ಅಂದರು.