ಅಂಗಳಕ್ಕೆ ಬಿದ್ದ ಅಡಿಕೆ ಕಂಪ್ಯೂಟರಿನಲ್ಲೂ ಪುಟಿಯಲಿ

ಸಾಗರ, ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ ಅಡಿಕೆ ಸುರಿಯುವ ಸದ್ದು ಕೇಳಿ ಬೆಳೆದವರಿಗೆ, ಆನಿಮೇಷನ್‌ನಲ್ಲಿ ಒಂದೇ ಒಂದು ಅಡಿಕೆ ತಪ್ಪಾಗಿ ಉರುಳಿದರೂ ಗೊತ್ತಾಗಿಬಿಡುತ್ತದೆ. ಆ ಕಣ್ಣೇ ನಿಮ್ಮ ಬಂಡವಾಳ. ಹಾಗಾಗಿ ವಸ್ತುಗಳ ಡಿಕ್ಕಿಯನ್ನು ಕಲಿಯಲು ಮೊದಲು ಬೇಕಾದದ್ದು ಮೌಸ್ ಅಲ್ಲ. ಒಂದು ಹಣ್ಣಡಿಕೆ, ಅಳತೆ ಟೇಪು, ಮೊಬೈಲ್.

ಅಡಿಕೆಯನ್ನು ಒಂದು ಮೀಟರ್ ಎತ್ತರದಿಂದ ಕೈಬಿಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ನೆಲ ಮುಟ್ಟಿ 9 ಸೆಂಟಿಮೀಟರ್ ಮೇಲೆದ್ದಿತು ಎಂದಿಟ್ಟುಕೊಳ್ಳಿ. ಎದ್ದ ಎತ್ತರವನ್ನು ಬಿದ್ದ ಎತ್ತರದಿಂದ ಭಾಗಿಸಿದರೆ 0.09, ಅದರ ವರ್ಗಮೂಲ 0.3. ಅಡಿಕೆ ಎಷ್ಟು ಪುಟಿಯುತ್ತದೆ ಎಂಬುದರ ಅಳತೆ ಇದು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಈಗ ಬ್ಲೆಂಡರ್ ತೆರೆಯಿರಿ. ಇದು 3ಡಿ ಆನಿಮೇಷನ್ ಮಾಡುವ ಉಚಿತ ತಂತ್ರಾಂಶ, ಡಿಕ್ಕಿಯ ಲೆಕ್ಕವನ್ನು ಇದರೊಳಗಿನ ಬುಲೆಟ್ ಎಂಬ ಎಂಜಿನ್ ಮಾಡುತ್ತದೆ. ಅಂಗಳಕ್ಕೆ ದಪ್ಪನೆಯ ಪೆಟ್ಟಿಗೆ, ಅಡಿಕೆಗೆ ತುಸು ಉದ್ದವಾಗಿ ಎಳೆದ ಗೋಳ. ಗಾತ್ರ ಬದಲಿಸಿದ ಮೇಲೆ ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅಪ್ಲೈ ಮಾಡಲು, ಅಂದರೆ ಹೊಸ ಗಾತ್ರವನ್ನು ಖಾಯಂ ಮಾಡಲು, ಮರೆಯಬೇಡಿ. ಫಿಸಿಕ್ಸ್ ವಿಭಾಗದಲ್ಲಿ ರಿಜಿಡ್ ಬಾಡಿ (ಆಕಾರ ಬದಲಾಗದ ಗಟ್ಟಿ ವಸ್ತು) ಆರಿಸಿ, ಅಂಗಳವನ್ನು ಪ್ಯಾಸಿವ್ (ಅಲುಗದ್ದು), ಅಡಿಕೆಯನ್ನು ಆಕ್ಟಿವ್ (ಬೀಳುವ, ಉರುಳುವಂಥದ್ದು) ಮಾಡಿ.

ಹೊಸಬರು ಎಡವುವುದು ಪುಟಿತದ ಅಂಕಿಯಾದ ಬೌನ್ಸಿನೆಸ್‌ನಲ್ಲಿ. ಅಡಿಕೆಗೆ 0.3 ಕೊಟ್ಟರೂ ಅದು ಪುಟಿಯುವುದಿಲ್ಲ. ಏಕೆಂದರೆ ಬುಲೆಟ್ ಎರಡೂ ವಸ್ತುಗಳ ಅಂಕಿಗಳನ್ನು ಗುಣಿಸುತ್ತದೆ, ಅಂಗಳದ್ದು ಇನ್ನೂ ಸೊನ್ನೆಯಲ್ಲೇ ಇರುತ್ತದೆ. ಅಂಗಳಕ್ಕೆ 0.5, ಅಡಿಕೆಗೆ 0.6 ಕೊಡಿ, ಗುಣಿಸಿದರೆ ನೀವು ಅಳೆದ 0.3 ಬರುತ್ತದೆ. ಫ್ರಿಕ್ಷನ್ (ಘರ್ಷಣೆ) ಲೆಕ್ಕವೂ ಹೀಗೆಯೇ.

ಡಿಕ್ಕಿಯ ಆಕಾರವಾಗಿ ಸ್ಫಿಯರ್ ಆರಿಸಿದರೆ ಅಡಿಕೆ ಗೋಲಿಯಂತೆ ಉರುಳುತ್ತದೆ. ಕಾನ್ವೆಕ್ಸ್ ಹಲ್, ಅಂದರೆ ವಸ್ತುವಿನ ಸುತ್ತ ಬಿಗಿಯಾಗಿ ಸುತ್ತಿದ ಹೊದಿಕೆಯಂಥ ಆಕಾರ, ಇಟ್ಟರೆ ನಿಜದ ಅಡಿಕೆಯಂತೆ ಓಲಾಡಿ, ಮಗುಚಿ, ನಿಲ್ಲುತ್ತದೆ. ಆದರೆ ಹೆಡಿಗೆಗೆ ಇದೇ ಆಕಾರ ಕೊಟ್ಟಿರೋ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದಂತಾಗಿ ಅಡಿಕೆಗಳೆಲ್ಲ ಮೇಲೆಯೇ ನಿಲ್ಲುತ್ತವೆ. ಅದಕ್ಕೆ ಒಳಗಿನ ಟೊಳ್ಳನ್ನೂ ಲೆಕ್ಕಕ್ಕೆ ಹಿಡಿಯುವ ಮೆಶ್ ಆಕಾರ ಬೇಕು. ಅಲ್ಲಿ ಮಾರ್ಜಿನ್ (ವಸ್ತುವಿನ ಮೈಸುತ್ತ ಬಿಡುವ ಅಂತರ) 0.04 ಮೀಟರ್ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಅಡಿಕೆಯಷ್ಟು. ತಗ್ಗಿಸದಿದ್ದರೆ ಅಡಿಕೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಇನ್ನು ಮರದಿಂದ ಬೀಳಿಸುವ ಆಸೆ ಯಾರಿಗಿಲ್ಲ? 10 ಮೀಟರ್ ಎತ್ತರದಿಂದ ಬಿದ್ದ ಅಡಿಕೆ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿರುತ್ತದೆ. ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದು ಫ್ರೇಮಿಗೆ 58 ಸೆಂಟಿಮೀಟರ್. ಬ್ಲೆಂಡರ್ ಪ್ರತಿ ಫ್ರೇಮನ್ನು 10 ಹೆಜ್ಜೆಯಾಗಿ ಒಡೆದರೂ ಹೆಜ್ಜೆಗೆ ಸುಮಾರು 6 ಸೆಂಟಿಮೀಟರ್, ಅಡಿಕೆಯ ಗಾತ್ರಕ್ಕಿಂತ ಹೆಚ್ಚು. ಹೀಗಾದಾಗ ಅಡಿಕೆ ತೆಳುವಾದ ನೆಲವನ್ನು ದಾಟಿ ಕೆಳಗೆ ಹೋಗಬಹುದು. ಪೆಟ್ಟಿಗೆ ದಪ್ಪವಿರಲಿ ಎಂದದ್ದು ಇದಕ್ಕೇ. ಸೀನ್ ವಿಭಾಗದ ರಿಜಿಡ್ ಬಾಡಿ ವರ್ಲ್ಡ್‌ನಲ್ಲಿ ಸಬ್‌ಸ್ಟೆಪ್ಸ್ ಎಂಬ ಈ ಹೆಜ್ಜೆಗಳ ಸಂಖ್ಯೆಯನ್ನು 30ಕ್ಕೆ ಏರಿಸಿ.

ಒಂದು ಅಡಿಕೆ ಸರಿಯಾಗಿ ಬಿದ್ದ ಮೇಲೆ ಮಾತ್ರ ಇನ್ನೂರು ಸುರಿಯಿರಿ. ಲೆಕ್ಕ ಮೊದಲಿಗೆ 250ನೇ ಫ್ರೇಮಿಗೆ ನಿಲ್ಲುತ್ತದೆ. ಹೆಚ್ಚು ಬೇಕಿದ್ದರೆ ಲೆಕ್ಕವನ್ನು ಕೂಡಿಡುವ ಕ್ಯಾಶ್‌ನ ಕೊನೆಯ ಫ್ರೇಮ್ ಬದಲಿಸಿ ಬೇಕ್ ಮಾಡಿ, ಅಂದರೆ ಲೆಕ್ಕವನ್ನೆಲ್ಲ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಮುಗಿದ ಕೂಡಲೇ ಫೈಲ್ ಉಳಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.