ಕೋಡ್ ಕೊಟ್ಟಿದ್ದೆ, ಷರತ್ತು ಬರೆದಿರಲಿಲ್ಲ

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲ್‌ಗಳನ್ನು, ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಬದಲಾಯಿಸುವ ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದೆ. ಅದಕ್ಕೆ ಕಾರಣ ಒಂದೇ ಪದ: ಕರ್ನಾಟಕ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು, ಅಂದರೆ ರ್ ಅನ್ನು ತೋರಿಸುವ ಗುರುತು, ಕಣ್ಣಿಗೆ ಕಾಣುವ ಜಾಗದಲ್ಲೇ, 'ನಾ' ಆದ ಮೇಲೆ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಹಾಗಲ್ಲ, ನಾವು ಉಚ್ಚರಿಸುವ ಕ್ರಮದಲ್ಲೇ ರ್ ಮೊದಲು ಬರಬೇಕು. ಆ ಗುರುತನ್ನು ಹಿಂದಕ್ಕೆ ಒಯ್ಯದಿದ್ದರೆ 'ಕನಾರ್ಟಕ' ಆಗಿಬಿಡುತ್ತದೆ. ಇದನ್ನು ನೀವೂ ನೋಡಿರುತ್ತೀರಿ, ಅಲ್ವಾ? ನಾಡಿನ ಹೆಸರೇ ಹಾಗೆ ಕೆಡುವುದನ್ನು ನನ್ನಿಂದ ನೋಡಲಾಗಲಿಲ್ಲ.

ಕೋಡ್ ಎಲ್ಲರಿಗೂ ಸಿಗುವಂತೆ ಹಾಕಿ, 'ಉಚಿತ, ಯಾರು ಬೇಕಾದರೂ ಬಳಸಿ' ಎಂದು ಒಂದು ಸಾಲು ಬರೆದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಸಾಕಾಗಲಿಲ್ಲ. ಒಬ್ಬ ಶಿಕ್ಷಕಿ, 'ಇದನ್ನು ಸಿ.ಡಿ.ಗೆ ಹಾಕಿ ಬೇರೆ ಶಾಲೆಗಳಿಗೆ ಕೊಡಬಹುದಾ ಸಾರ್?' ಎಂದು ಕೇಳಿದರು. ಬಳಸಿ ಅಂದಿದ್ದೆ, ಹಂಚಿ ಅಂದಿರಲಿಲ್ಲವಲ್ಲ. ಅವರು ಕೇಳಿಯೇ ಮುಂದುವರಿದರು. ಕೇಳದೇ ಹೋದವರೂ ಇದ್ದರು. ಹಣ ಕೊಟ್ಟು ಕೊಂಡ ಒಂದು ಸಾಫ್ಟ್‌ವೇರ್‌ನ ಸ್ಕ್ರೀನ್‌ಶಾಟನ್ನು ಗೆಳೆಯನೊಬ್ಬ ಕಳಿಸಿದ. 'ಈ ಕಡತ ಓದಲು ಬರುತ್ತಿಲ್ಲ, ಮತ್ತೊಮ್ಮೆ ಕೊಡಿ' ಎಂದಿತ್ತು. ಅದು ನಾನೇ ಬರೆದ ಸಾಲು. ಒಳಗಿದ್ದದ್ದು ನನ್ನ ಕೋಡ್. ಹೆಸರು ತೆಗೆದಿದ್ದರು, ಮೂಲ ಕೋಡನ್ನೂ ಮುಚ್ಚಿಟ್ಟಿದ್ದರು. ತುಂಬಾ ನೋವಾಯಿತು.

ಆಗ ಕೂತು ಓದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕ. ನೋಂದಣಿ ಬೇಕಿಲ್ಲ, ಬರೆದ ಕ್ಷಣವೇ ಹಕ್ಕು ಬರೆದವನದು. ನಾನು ತೀರಿಕೊಂಡ ಮೇಲೂ 60 ವರ್ಷ ಅದು ಉಳಿಯುತ್ತದೆ. ಅಂದರೆ ಲೈಸೆನ್ಸ್ (ಬಳಕೆಯ ಅನುಮತಿ ಮತ್ತು ಷರತ್ತುಗಳ ಪತ್ರ) ಬರೆಯದೆ ಇಟ್ಟ ಕೋಡ್ ಎಲ್ಲರ ಕಣ್ಣಿಗೂ ಕಾಣುತ್ತದೆ, ಆದರೆ ಅದರ ಬೀಗ ಹಾಗೇ ಇರುತ್ತದೆ.

ಮೊದಲು ಸಿಟ್ಟಿನಲ್ಲಿ 'ವ್ಯಾಪಾರಕ್ಕೆ ಬಳಸಬಾರದು' ಎಂದು ಬರೆಯಲು ಹೊರಟಿದ್ದೆ. ನನ್ನನ್ನು ತಡೆದದ್ದು ಒಬ್ಬ ಡಿಟಿಪಿ ಅಂಗಡಿಯವರ ಫೋನು. 'ಸಾರ್, ನಾನು ಪುಟಕ್ಕೆ ಇಷ್ಟು ಅಂತ ತಗೊಂಡು ಹಳೇ ಪುಸ್ತಕ ಕನ್ವರ್ಟ್ ಮಾಡಿಕೊಡ್ತೀನಿ. ಅದು ತಪ್ಪಾಗುತ್ತಾ?' ಅವರ ಹೊಟ್ಟೆಪಾಡೇ ಅದು. ನನ್ನ ಷರತ್ತು ಮೊದಲು ಹೊಡೆಯುವುದು ಇಂಥವರನ್ನೇ. ನನಗೆ ಬೇಡವಾಗಿದ್ದದ್ದು ಮಾರಾಟ ಅಲ್ಲ, ಮುಚ್ಚಿಡುವುದು. ಇದು ಸ್ಪಷ್ಟವಾದ ಮೇಲೆ ಆಯ್ಕೆ ಕಷ್ಟವಾಗಲಿಲ್ಲ.

ಸಿದ್ಧವಾಗಿ ಸಿಗುವ ಲೈಸೆನ್ಸ್‌ಗಳಲ್ಲಿ ಎಂಐಟಿ ಲೈಸೆನ್ಸ್ ಚಿಕ್ಕದು, ಚೊಕ್ಕದು. ಆದರೆ ಹೆಸರು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು, ಮೂಲ ಕೋಡ್ ಮುಚ್ಚಿಡಬಹುದು. ನಾನು 2007ರಲ್ಲಿ ಬಂದ ಜಿಪಿಎಲ್ (ಗ್ನು ಜನರಲ್ ಪಬ್ಲಿಕ್ ಲೈಸೆನ್ಸ್) ಮೂರನೇ ಆವೃತ್ತಿ ಆರಿಸಿಕೊಂಡೆ. ಮಾರಬಹುದು, ತಿದ್ದಬಹುದು. ಬೇರೆಯವರಿಗೆ ಕೊಡುವಾಗ ಮಾತ್ರ ಮೂಲ ಕೋಡ್ ಅವರಿಗೂ ಸಿಗಬೇಕು, ಅದೇ ಷರತ್ತಿನಲ್ಲಿ. ತಿದ್ದಿದ್ದರೆ ತಿದ್ದಿದ್ದೇವೆಂದು ದಿನಾಂಕದ ಸಮೇತ ಹೇಳಬೇಕು. ಡಿಟಿಪಿಯವರಿಗೆ ಇನ್ನೊಂದು ಅನುಮಾನವಿತ್ತು: ಕನ್ವರ್ಟ್ ಆದ ಪುಸ್ತಕಕ್ಕೂ ಈ ಲೈಸೆನ್ಸ್ ಅಂಟುತ್ತಾ? ಇಲ್ಲ. ಪುಸ್ತಕದ ಹಕ್ಕು ಪುಸ್ತಕದವರದೇ.

ಕಷ್ಟ ಬಂದದ್ದು ಬೇರೆ ಕಡೆ. ಅಷ್ಟರಲ್ಲಿ ನಾಲ್ಕು ಜನ ತಿದ್ದುಪಡಿ ಕಳಿಸಿ, ನಾನೂ ಸೇರಿಸಿಕೊಂಡಿದ್ದೆ. ಅವರ ಸಾಲುಗಳ ಹಕ್ಕು ಅವರದು. ಕೇಳದೆ ಲೈಸೆನ್ಸ್ ಹಾಕುವಂತಿಲ್ಲ. ಮೂವರು ಒಪ್ಪಿ ಬರೆದರು. ನಾಲ್ಕನೆಯವರ ಇಮೇಲ್ ವಾಪಸ್ ಬಂತು. ಅವರು ಕಳಿಸಿದ್ದು 'ಸಾಮರ್ಥ್ಯ'ದಂಥ ಪದಗಳ ಪರಿಹಾರ. ಅಲ್ಲಿ ಅರ್ಕಾವತ್ತು ಯ ಒತ್ತನ್ನೂ ದಾಟಿ, ಥ ಅನ್ನೂ ದಾಟಿ ಹಿಂದೆ ಹೋಗಬೇಕು. ಸುಮ್ನೆ ಇಟ್ಟುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನನಗಾದದ್ದನ್ನೇ ನಾನು ಇನ್ನೊಬ್ಬರಿಗೆ ಮಾಡಿದಂತಾಗುತ್ತಿತ್ತು. ಅವರ ಸಾಲುಗಳನ್ನು ಅಳಿಸಿದೆ. ಬೇರೆ ದಾರಿ ಹಿಡಿದು, ಮೊದಲು ಒತ್ತು, ಸ್ವರಚಿಹ್ನೆ ಸಮೇತ ಅಕ್ಷರಗಳನ್ನು ಗುಂಪು ಮಾಡಿ, ಆಮೇಲೆ ರ್ ಅನ್ನು ಗುಂಪಿನ ಮುಂದಿಟ್ಟೆ. ಮೂರು ರಾತ್ರಿ ಹಿಡಿಯಿತು.

ಈಗ ಲೈಸೆನ್ಸ್‌ನ ಪೂರ್ತಿ ಪಠ್ಯ ಕೋಡ್ ಜೊತೆಗೇ ಇದೆ. ಪ್ರತಿ ಫೈಲಿನ ತಲೆಯಲ್ಲೂ ಲೈಸೆನ್ಸ್‌ನ ಹೆಸರಿದೆ. ಕನ್ನಡದಲ್ಲಿ ಒಂದು ಪುಟದ ವಿವರಣೆ ಬರೆದಿದ್ದೇನೆ. ಕಾನೂನಿನ ಮಟ್ಟಿಗೆ ಇಂಗ್ಲಿಷ್ ಪಠ್ಯವೇ ಅಧಿಕೃತ ಎಂದೂ ಅಲ್ಲೇ ಹೇಳಿದ್ದೇನೆ. ಯಾವ ಖಾತರಿಯೂ ಇಲ್ಲ ಎಂಬ ಷರತ್ತಿನ ಪಕ್ಕದಲ್ಲಿ ನನ್ನದೇ ಒಂದು ಮಾತು ಸೇರಿಸಿದ್ದೇನೆ: ಮೂಲ ಫೈಲ್ ಅಳಿಸಬೇಡಿ. ತಿದ್ದುಪಡಿ ಕಳಿಸುವವರು 'ಇದು ನನ್ನದೇ ಬರಹ, ಇದೇ ಲೈಸೆನ್ಸ್‌ನಲ್ಲಿ ಕೊಡುತ್ತಿದ್ದೇನೆ' ಎಂದು ಹೆಸರು ಹಾಕಬೇಕು. ಹೋದ ವಾರ ಒಬ್ಬ ವಿದ್ಯಾರ್ಥಿನಿ ಆ ಸಾಲಿನ ಜೊತೆಗೇ ಒಂದು ತಿದ್ದುಪಡಿ ಕಳಿಸಿದ್ದಾಳೆ. 'ರಾಷ್ಟ್ರ'ದ ಎರಡನೇ ಒತ್ತು ಕೆಲವೆಡೆ ಬಿದ್ದುಹೋಗುತ್ತಿತ್ತಂತೆ. ಇವತ್ತು ರಾತ್ರಿ ಅದನ್ನು ಸೇರಿಸಬೇಕು.